ಹಸಿ ಮರದಲ್ಲಿ ಸೌಟು, ಲೋಟ: ಕೊಡಲಿ, ಚಾಕು ಇದ್ದರೆ ಮನೆಯಲ್ಲೇ ಕೆತ್ತಬಹುದು

ಮರದ ಸೌಟು ಕೆತ್ತಬೇಕು ಅಂತ ಹೊರಟವರು ಮೊದಲು ಹೋಗುವುದು ಮರದ ಅಂಗಡಿಗೆ. ಒಣಗಿದ ತೇಗದ ತುಂಡೊಂದನ್ನು ತರುತ್ತಾರೆ. ಎರಡು ದಿನ ಚಾಕು ಆಡಿಸುತ್ತಾರೆ. ಅಂಗೈಯಲ್ಲಿ ಬೊಬ್ಬೆ ಎದ್ದ ಮೇಲೆ "ಇದು ನಮ್ಮ ಕೈಲಾಗೋದಲ್ಲ" ಅಂತ ಮೂಲೆಗೆ ಎಸೆಯುತ್ತಾರೆ. ಪಾಪ, ಕೈಯಲ್ಲಿ ತಪ್ಪೇನೂ ಇರುವುದಿಲ್ಲ. ಮರ ಒಣಗಿರುತ್ತದೆ, ಅಷ್ಟೇ.

ಕೈಯಲ್ಲಿ ಕೆತ್ತುವ ಕೆಲಸಕ್ಕೆ ಹಸಿ ಮರ ಬೇಕು. ನಿನ್ನೆ ಮೊನ್ನೆ ಕಡಿದ ಕೊಂಬೆ. ಅದರೊಳಗೆ ನೀರು ಇನ್ನೂ ಇರುತ್ತದೆ, ನಾರು ಮೆತ್ತಗಿರುತ್ತದೆ, ಸೌತೆಕಾಯಿ ಸಿಪ್ಪೆ ತೆಗೆದಷ್ಟು ಸಲೀಸಾಗಿ ಚಾಕು ಓಡುತ್ತದೆ. ಕೆತ್ತಿದ ಮೇಲೆ ತೆಳುವಾದ ಸೌಟು ಬೇಗ, ಸಮವಾಗಿ ಒಣಗಿ ಗಟ್ಟಿಯಾಗುತ್ತದೆ. ಅಂಗಡಿಯ ಮರ ತರುವ ಖರ್ಚೂ ಇಲ್ಲ.

ಯಾವ ಮರ ತರೋಣ

ನನ್ನ ಮೊದಲ ಆಯ್ಕೆ ಸೀಬೆ. ನಿಮ್ಮ ಕಡೆ ಪೇರಲೆ ಅನ್ನಬಹುದು. ನಾರು ಸಣ್ಣ, ಮರ ಗಟ್ಟಿ, ಒಣಗಿದ ಮೇಲೆ ತಾನಾಗಿಯೇ ನುಣುಪು ಬರುತ್ತದೆ. ಸಪೋಟ ಅದಕ್ಕೆ ಸರಿಸಮ, ಬಣ್ಣ ಮಾತ್ರ ಕೆಂಪು. ಹಲಸಿನ ಸೌಟಿನ ಹಳದಿ ಬಣ್ಣ ನೋಡುವುದಕ್ಕೇ ಚೆಂದ, ಆದರೆ ಹಸಿಯಲ್ಲಿ ಮೇಣ ಅಂಟುತ್ತದೆ. ಹಣ್ಣು ಬಿಡಿಸುವಾಗ ಮಾಡುವ ಹಾಗೆ ಚಾಕುವಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಹಿಡಿಗೆ ಮಾತ್ರ ಎಣ್ಣೆ ತಾಗಬಾರದು, ಚಾಕು ಜಾರುತ್ತದೆ. ಮಾವು ಲೋಟಕ್ಕೆ ಒಳ್ಳೆಯದು. ಅದರ ಸೊನೆ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ನೋಡಿಕೊಂಡು ಮುಟ್ಟಿ. ಹುಣಸೆಯನ್ನು ಹಸಿ ಇರುವಾಗಲೇ ಮುಗಿಸಬೇಕು. ಒಣಗಿದರೆ ಕೊಡಲಿಯ ಬಾಯಿಯೇ ಮೊಂಡಾಗುತ್ತದೆ. ಬೇವು ಕೆತ್ತಲು ಸುಲಭ, ಆದರೆ ಮೊದಮೊದಲು ಅಡುಗೆಗೆ ಕಹಿ ಬಿಡುತ್ತದೆ. ನುಗ್ಗೆ, ಬೂರುಗ ಸುಮ್ನೆ ದಂಡ. ತೀರಾ ಮೆದು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದವರಿಗೆ ಒಂದು ಮಾತು. ಹಳೆಯ ಕಾಫಿ ಗಿಡ ಕಿತ್ತಾಗ ಬುಡವನ್ನೆಲ್ಲ ಸೌದೆಗೆ ಹಾಕಬೇಡಿ. ಕಾಫಿ ಮರ ಬಿಳಿಚು, ದಟ್ಟ, ಸಣ್ಣ ಚಮಚಕ್ಕೆ ಹೇಳಿ ಮಾಡಿಸಿದ್ದು. ಪಟ್ಟಣದವರು ಕರಿಬೇವಿನ ದಪ್ಪ ಕೊಂಬೆಯಲ್ಲಿ ಚಟ್ನಿ ಚಮಚ ಮಾಡಬಹುದು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಸಿಕ್ಕಿದರೂ ಬಿಡಬೇಡಿ. ಬೆಳ್ಳಗೆ, ಮೃದುವಾಗಿ, ಕಲಿಯುವವರ ಕೈಗೆ ಹಿತವಾಗಿರುತ್ತದೆ. ಆದರೆ ಬೊಂಬೆಯ ಮೇಲಿನ ಅರಗಿನ ಬಣ್ಣ ಸೌಟಿಗೆ ಬೇಡ. ಅರಗು ಬಿಸಿಗೆ ಮೆತ್ತಗಾಗುತ್ತದೆ.

ಕಣಗಲೆ ಮುಟ್ಟಲೇಬೇಡಿ. ಅದರ ಎಲೆ, ಕೊಂಬೆ, ಬೇರು ಎಲ್ಲವೂ ವಿಷ. ಕಾಸರಕವೂ ಬೇಡ. ಗೇರು ಮರದ ಸೊನೆ ಚರ್ಮ ಸುಡುತ್ತದೆ. ಕಳ್ಳಿ ಜಾತಿಯದ್ದು ಯಾವುದೂ ಆಗದು. ಹೆಸರು ಗೊತ್ತಿಲ್ಲದ ಮರ ಎಷ್ಟೇ ಚೆನ್ನಾಗಿ ಕಂಡರೂ ಬಾಯಿಗೆ ಇಡುವ ವಸ್ತುವಿಗೆ ಬೇಡ. ಶ್ರೀಗಂಧ, ಬೀಟೆಯ ಸುದ್ದಿಗೇ ಹೋಗಬೇಡಿ, ಕಾನೂನಿನ ತೊಂದರೆ ತಲೆಗೆ ಸುತ್ತಿಕೊಳ್ಳುತ್ತದೆ. ರಸ್ತೆ ಬದಿಯ ಮರವನ್ನೂ ನೀವಾಗಿ ಕಡಿಯುವಂತಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆಗಳು ಬೀಳುತ್ತಲೇ ಇರುತ್ತವೆ. ತೆರವು ಮಾಡುವವರನ್ನು ಕೇಳಿದರೆ ಒಂದು ಮೊಳದ ತುಂಡು ಕೊಡಲು ಯಾರೂ ಇಲ್ಲ ಅನ್ನುವುದಿಲ್ಲ.

ತಂದ ಕೊಂಬೆಯನ್ನು ಅಂದೇ ಕೆತ್ತಲಾಗದಿದ್ದರೆ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಮನೆಯಲ್ಲೇ ವಾಸನೆ. ಅರ್ಧ ಕೆತ್ತಿದ ಸೌಟನ್ನು ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಹಾಗೇ ಇರುತ್ತದೆ. ಮನೆಯವರಿಗೆ ಮೊದಲೇ ಹೇಳಿಬಿಡಿ.

ಉಪಕರಣ

ಗರಗಸ, ಕೈಕೊಡಲಿ, ನೇರ ಚಾಕು, ಬಾಗಿದ ಚಾಕು. ಇಷ್ಟು ಸಾಕು. ಕೊಡಲಿ 600-700 ಗ್ರಾಂ ತೂಕದ್ದಾದರೆ ಒಂದೇ ಕೈಯಲ್ಲಿ ಆಡಿಸಬಹುದು. ತೆಂಗಿನಕಾಯಿ ಸುಲಿಯುವ ಮನೆಗಳಲ್ಲಿ ಕತ್ತಿಯೋ ಮಚ್ಚೋ ಇದ್ದೇ ಇರುತ್ತದೆ. ಕೊಡಲಿಯ ಕೆಲಸದ ಮುಕ್ಕಾಲು ಪಾಲು ಅದರಲ್ಲೇ ಆಗುತ್ತದೆ.

ಚಾಕುವಿನ ಅಲಗು ಆರರಿಂದ ಎಂಟು ಸೆಂಟಿಮೀಟರ್ ಇದ್ದರೆ ಸಾಕು. ಉದ್ದ ಅಲಗು ಅಡ್ಡ ಬರುತ್ತದೆ. ಸ್ವೀಡನ್ನಿನ ಮೋರಾ ಚಾಕುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಸೌಟು ಕೆತ್ತುವವರು ಹೆಚ್ಚಾಗಿ ಹಿಡಿಯುವುದು 120 ನಂಬರಿನದ್ದು. ಗುಳಿ ತೋಡಲು ಅದೇ ಕಂಪನಿಯ 164 ನಂಬರಿನ ಬಾಗಿದ ಚಾಕು ಇದೆ. ನಿಮ್ಮೂರಲ್ಲಿ ಕುಲುಮೆ ಇನ್ನೂ ನಡೆಯುತ್ತಿದ್ದರೆ ಅಷ್ಟು ದೂರ ಹೋಗಬೇಡಿ. ಹಳೆಯ ಅರದ ತುಂಡು ಅಥವಾ ಲಾರಿಯ ಸ್ಪ್ರಿಂಗ್ ಪಟ್ಟಿ ಕೊಟ್ಟು, ಸುಮಾರು ಎರಡು ಇಂಚಿನ ಅಲಗನ್ನು ಅರ್ಧಚಂದ್ರಾಕಾರಕ್ಕೆ ಬಗ್ಗಿಸಿಕೊಡಿ ಅನ್ನಿ. ಬಾಯಿ ಒಳಗಡೆಗೇ ಇರಲಿ. ಬಲಗೈಯವರೋ ಎಡಗೈಯವರೋ ಅನ್ನುವುದನ್ನು ಹೇಳಲು ಮರೆಯಬೇಡಿ.

ಬಾಗಿದ ಚಾಕು ಸಿಗಲೇ ಇಲ್ಲವೆಂದರೂ ಕೆಲಸ ನಿಲ್ಲುವುದಿಲ್ಲ, ಬೇರೆ ದಾರಿ ಮುಂದೆ ಹೇಳುತ್ತೇನೆ.

ಇವೆಲ್ಲಕ್ಕಿಂತ ಮುಖ್ಯ ಹರಿತ. ಮೊಂಡು ಚಾಕುವಿಗೆ ಜಾಸ್ತಿ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಜಾರುತ್ತದೆ, ಜಾರಿದರೆ ಬೆರಳು. ಸಾಣೆಕಲ್ಲಿನ ಮೇಲೆ ಅಲಗಿನ ಓರೆಯನ್ನು, ಅಂದರೆ ಬಾಯಿಯ ಕಡೆಗೆ ಇಳಿಜಾರಾಗಿರುವ ಮೈಯನ್ನು, ಪೂರ್ತಿ ಚಪ್ಪಟೆಯಾಗಿ ಕೂರಿಸಿ ಉಜ್ಜಿ. ಬಾಯಿಯನ್ನು ಮಾತ್ರ ಎತ್ತಿ ಉಜ್ಜಬೇಡಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿಗೆ ಹಿತ್ತಾಳೆ ಪಾಲಿಶ್ ಸ್ವಲ್ಪ ಹಚ್ಚಿ, ಅಲಗನ್ನು ಹಿಮ್ಮುಖವಾಗಿ ಹತ್ತಿಪ್ಪತ್ತು ಸಲ ಎಳೆಯಿರಿ. ಬಾಗಿದ ಚಾಕುವಿಗೆ ಕಲ್ಲು ತಾಗುವುದಿಲ್ಲ. ಬೆರಳು ಗಾತ್ರದ ಕೋಲಿಗೆ 1000 ನಂಬರಿನ ವಾಟರ್ ಪೇಪರ್ ಸುತ್ತಿ ಒಳಮೈ ಉಜ್ಜಬೇಕು. ಕೆತ್ತುವಾಗಲೂ ಅರ್ಧ ಗಂಟೆಗೊಮ್ಮೆ ಬೆಲ್ಟಿನ ಮೇಲೆ ಎಳೆಯುವುದು ಅಭ್ಯಾಸವಾಗಲಿ.

ಸೀಳುವುದು, ಗೀಚುವುದು

ತೋಳಿನ ಗಾತ್ರದ, ಎಂಟು ಹತ್ತು ಸೆಂಟಿಮೀಟರ್ ದಪ್ಪದ ನೇರ ಕೊಂಬೆ ಆರಿಸಿ. ಗಂಟು ಇರಬಾರದು, ತಿರುಚಿಕೊಂಡಿರಬಾರದು. 30 ಸೆಂಟಿಮೀಟರಿಗೆ ಗರಗಸದಲ್ಲಿ ಕೊಯ್ಯಿರಿ. ತುಂಡನ್ನು ದಿಮ್ಮಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೊಡಲಿಯ ಬಾಯಿಯನ್ನು ಸರಿಯಾಗಿ ನಡುವಿನ ತಿರುಳಿನ ಮೇಲೆ ಇಟ್ಟು, ಇನ್ನೊಂದು ದಪ್ಪ ಕಟ್ಟಿಗೆಯಿಂದ ಕೊಡಲಿಯ ತಲೆಗೆ ಹೊಡೆಯಿರಿ. ಕಬ್ಬಿಣದ ಸುತ್ತಿಗೆ ಬೇಡ, ಚೂರು ಸಿಡಿಯುತ್ತದೆ. ಮರ ಎರಡು ಹೋಳಾಗುತ್ತದೆ. ಒಂದೊಂದು ಹೋಳಿನಲ್ಲೂ ಒಂದು ಸೌಟು.

ಸೀಳಿದ್ದೇ ಯಾಕೆ, ಕೊಯ್ದರೆ ಆಗದೇ? ಸೀಳು ಯಾವತ್ತೂ ನಾರಿನ ಗುಂಟ ಹೋಗುತ್ತದೆ. ಹಾಗಾಗಿ ಹಿಡಿಯ ಉದ್ದಕ್ಕೂ ನಾರು ತುಂಡಾಗದೆ ಇರುತ್ತದೆ, ಸೌಟು ಸಣ್ಣಗಿದ್ದರೂ ಮುರಿಯುವುದಿಲ್ಲ. ಗರಗಸಕ್ಕೆ ನಾರಿನ ಪರಿವೆ ಇಲ್ಲ.

ನಡುವಿನ ತಿರುಳನ್ನು ಕೊಡಲಿಯಿಂದ ಪೂರ್ತಿ ಕೆತ್ತಿ ತೆಗೆಯಿರಿ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಕುಗ್ಗುವುದೆಲ್ಲ ಅಡ್ಡಕ್ಕೆ. ಅದರಲ್ಲೂ ಕೊಯ್ದ ತುದಿಯಲ್ಲಿ ಕಾಣುವ ಸುತ್ತುಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಹೀಗೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಎಳೆದಾಡಿದಾಗ ತಿರುಳಿನ ಹತ್ತಿರದಿಂದಲೇ ಬಿರುಕು ಶುರುವಾಗುತ್ತದೆ. ತಿರುಳು ಉಳಿದರೆ ಸೌಟು ಉಳಿಯುವುದಿಲ್ಲ.

ಈಗ ಸೀಳಿದ ಮೈಯನ್ನು ಚಪ್ಪಟೆ ಮಾಡಿ, ಪೆನ್ಸಿಲಿನಲ್ಲಿ ಆಕಾರ ಬರೆಯಿರಿ. ಅಡುಗೆಯ ಸೌಟಾದರೆ ಉದ್ದ 26 ಸೆಂಟಿಮೀಟರ್, ಬಟ್ಟಲಿನ ಅಗಲ 6, ಹಿಡಿಯ ಅಗಲ 2. ಮೊದಲು ನಡುವೆ ಉದ್ದಕ್ಕೂ ಒಂದು ಗೆರೆ ಎಳೆದುಕೊಂಡರೆ ಎರಡು ಬದಿ ಸಮ ಬರುತ್ತದೆ. ಮೊದಲ ಸಲಕ್ಕೆ ಆಳವಾದ ಸೌಟಿಗಿಂತ ಸಟ್ಟುಗ ಒಳ್ಳೆಯದು. ಪಲ್ಯ ತಿರುವುವ, ಉಪ್ಪಿಟ್ಟು ಕೆದಕುವ ಚಪ್ಪಟೆ ಸಟ್ಟುಗ. ಅದರಲ್ಲಿ ಗುಳಿ ಇಲ್ಲ, ಬಾಗಿದ ಚಾಕು ಬೇಡ, ಆದರೆ ಉಳಿದದ್ದೆಲ್ಲ ಕಲಿಯಬಹುದು.

ಕೊಡಲಿಯ ಕೆಲಸ

ಬಟ್ಟಲೂ ಹಿಡಿಯೂ ಸೇರುವ ಕತ್ತಿನ ಎರಡು ಬದಿಗೂ ಗರಗಸದಲ್ಲಿ ಅಡ್ಡ ಗೀರು ಹಾಕಿ, ಗೆರೆಗೆ ಎರಡು ಮಿಲಿಮೀಟರ್ ಉಳಿಯುವಂತೆ. ಈ ಗೀರು ಇದ್ದರೆ ಹಿಡಿಯ ಬದಿ ಕೆತ್ತುವಾಗ ಸೀಳು ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಒಂದೇ ಏಟಿಗೆ ಬಟ್ಟಲಿನ ಅರ್ಧ ಹಾರಿಹೋಗುತ್ತದೆ.

ಮರವನ್ನು ಎಡಗೈಯಲ್ಲಿ ಮೇಲ್ತುದಿಯಲ್ಲಿ ಹಿಡಿದು ದಿಮ್ಮಿಯ ಮೇಲೆ ಊರಿ. ಕೊಡಲಿ ಯಾವಾಗಲೂ ಆ ಕೈಗಿಂತ ಕೆಳಗೇ ಬೀಳಬೇಕು. ಮೇಲಿನ ಅರ್ಧ ಕೆತ್ತಬೇಕೇ? ಮರವನ್ನು ತಿರುಗಿಸಿ ಹಿಡಿಯಿರಿ, ಕೈಯನ್ನು ಕೆಳಗಿಳಿಸಬೇಡಿ. ಕಾಲನ್ನು ದಿಮ್ಮಿಯ ಹಿಂದೆ ಇಟ್ಟುಕೊಳ್ಳಿ. ಮೊದಲು ಓರೆಯಾಗಿ ನಾಲ್ಕಾರು ಕಚ್ಚು ಹಾಕಿ, ಆಮೇಲೆ ಕೆಳಮುಖವಾಗಿ ಏಟು ಕೊಟ್ಟರೆ ಚಕ್ಕೆಗಳು ಸಲೀಸಾಗಿ ಬಿದ್ದುಹೋಗುತ್ತವೆ. ಗೆರೆಯ ಹತ್ತಿರ ಬಂದಾಗ ಕೊಡಲಿಯ ಕಾವನ್ನು ತಲೆಯ ಸಮೀಪ ಹಿಡಿದು ಮೆಲ್ಲಗೆ ಏಟು ಹಾಕಿ.

ಬದಿಯಿಂದ ನೋಡಿದಾಗ ಸೌಟು ನೇರ ಹಲಗೆಯಂತೆ ಇರಬಾರದು. ಕತ್ತಿನ ಹತ್ತಿರ ಸ್ವಲ್ಪ ಬಾಗು ಬೇಕು, ಇಲ್ಲದಿದ್ದರೆ ಪಾತ್ರೆಯಿಂದ ಸಾರು ಎತ್ತುವಾಗ ಮೊಣಕೈ ಆಕಾಶಕ್ಕೆ ಹೋಗುತ್ತದೆ. ಮೇಲ್ಮೈಯಲ್ಲಿ ಹಿಡಿಯ ಕಡೆಯಿಂದಲೂ ಬಟ್ಟಲಿನ ತುದಿಯ ಕಡೆಯಿಂದಲೂ ಇಳಿಜಾರು ಕೊಟ್ಟು, ಎರಡೂ ಕತ್ತಿಗಿಂತ ಸ್ವಲ್ಪ ಮುಂದೆ, ಬಟ್ಟಲು ಶುರುವಾಗುವಲ್ಲಿ ಸೇರುವಂತೆ ಮಾಡಿ.

ಕೊಡಲಿಯಲ್ಲಿ ಎಷ್ಟು ತೆಗೆಯುತ್ತೀರೋ ಅಷ್ಟು ಚಾಕುವಿನ ಶ್ರಮ ಉಳಿಯುತ್ತದೆ. ಹೊಸಬರು ಹೆದರಿಕೊಂಡು ದಪ್ಪ ಬಿಟ್ಟು, ಆಮೇಲೆ ಗಂಟೆಗಟ್ಟಲೆ ಚಾಕುವಿನಲ್ಲಿ ಕಷ್ಟಪಡುತ್ತಾರೆ.

ಚಾಕು ಹಿಡಿಯುವ ಬಗೆ

ಇಡೀ ಕೆಲಸ ನಿಂತಿರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ದೊಡ್ಡ ಚಕ್ಕೆ ತೆಗೆಯಲು ಚಾಕುವನ್ನು ಮುಷ್ಟಿಯಲ್ಲಿ ಹಿಡಿದು, ಮೊಣಕೈ ಮಡಿಸದೆ, ಭುಜದಿಂದ ಕೆಳಕ್ಕೆ ತಳ್ಳಬೇಕು. ಮರ ತೊಡೆಯ ಹೊರಬದಿಯಲ್ಲಿರಲಿ. ಎರಡು ತೊಡೆಗಳ ನಡುವೆ ಚಾಕು ಆಡಿಸುವುದು ಬೇಡವೇ ಬೇಡ, ಅಲ್ಲಿ ದೊಡ್ಡ ರಕ್ತನಾಳ ಇದೆ.

ಎರಡನೆಯದು ಎದೆ ಹಿಡಿತ. ಎರಡೂ ಮುಷ್ಟಿ ಎದೆಗೆ ತಾಗಿರಲಿ, ಚಾಕುವಿನ ಬಾಯಿ ಹೊರಗಡೆಗೆ. ಈಗ ಎದೆ ಅರಳಿಸಿದಂತೆ ಎರಡು ಮೊಣಕೈಗಳನ್ನೂ ಹಿಂದಕ್ಕೆ ಎಳೆದರೆ ಅಲಗು ಮರವನ್ನು ಕೊಯ್ಯುತ್ತಾ ಪಕ್ಕಕ್ಕೆ ಹೋಗುತ್ತದೆ. ಬೆನ್ನಿನ ಬಲವೆಲ್ಲ ಅದಕ್ಕೆ ಸಿಗುತ್ತದೆ, ಆದರೆ ಚಾಕು ನಾಲ್ಕಾರು ಇಂಚಿಗಿಂತ ದೂರ ಹೋಗಲಾರದು. ನನಗೆ ಅತಿ ಹೆಚ್ಚು ಬಳಕೆಯಾಗುವುದು ಇದೇ.

ಮೂರನೆಯದು ಹೆಬ್ಬೆರಳ ತಳ್ಳು. ಮರ ಹಿಡಿದ ಕೈಯ ಹೆಬ್ಬೆರಳು ಚಾಕುವಿನ ಬೆನ್ನನ್ನು ತಳ್ಳುತ್ತದೆ, ಚಾಕು ಹಿಡಿದ ಕೈ ಬರೀ ದಾರಿ ತೋರಿಸುತ್ತದೆ. ಕತ್ತು, ತುದಿ, ಅಂಚು ತಿದ್ದಲು ಇದು.

ಯಾವ ದಿಕ್ಕಿಗೆ ಕೆತ್ತಬೇಕು? ಎತ್ತರದಿಂದ ತಗ್ಗಿಗೆ, ಅಗಲದಿಂದ ಸಣ್ಣಕ್ಕೆ. ಬಟ್ಟಲಿನ ಅತಿ ಅಗಲದ ಜಾಗದಿಂದ ಶುರುಮಾಡಿ ಕತ್ತಿನ ಕಡೆಗೆ ಇಳಿಯಿರಿ. ಕತ್ತಿನಲ್ಲಿ ನಿಲ್ಲಿಸಿ. ಈಗ ಸೌಟು ತಿರುಗಿಸಿ, ಹಿಡಿಯ ಕಡೆಯಿಂದ ಕತ್ತಿಗೆ ಇಳಿಯಿರಿ. ಕತ್ತನ್ನು ದಾಟಿ ಏರಲು ಹೋದರೆ ಚಾಕುವಿನ ಬಾಯಿ ನಾರಿನ ಕೆಳಗೆ ಹೊಕ್ಕು ಸಿಬಿರು ಏಳುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಸರಿಯಾದ ದಿಕ್ಕಿನಲ್ಲಿ ಸರ್ ಅಂತ ಒಂದೇ ಸಮ ಸದ್ದು, ತೆಳು ಸುರುಳಿ ಅಲಗಿನ ಮೇಲೆ ಏರಿಬರುತ್ತದೆ. ತಪ್ಪು ದಿಕ್ಕಿನಲ್ಲಿ ಚಟಚಟ ಅನ್ನುತ್ತದೆ, ಅಲಗು ತಡೆದು ತಡೆದು ಹೋಗುತ್ತದೆ. ಆ ಸದ್ದು ಬಂದ ತಕ್ಷಣ ನಿಲ್ಲಿಸಿ, ಮರ ತಿರುಗಿಸಿ, ಇನ್ನೊಂದು ಕಡೆಯಿಂದ ಬನ್ನಿ. ಬಲ ಹಾಕಿ ಗೆಲ್ಲಲು ಹೋಗಬೇಡಿ.

ಗುಳಿ ತೋಡುವುದು

ಬಟ್ಟಲಿನ ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ ಗೆರೆ ಹಾಕಿ. ಬಾಗಿದ ಚಾಕುವಿನಲ್ಲಿ ಮೊದಲು ನಾರಿಗೆ ಅಡ್ಡವಾಗಿ, ನಡುವಿನಿಂದ ಶುರುಮಾಡಿ ಸಣ್ಣ ಸಣ್ಣದಾಗಿ ತೋಡಿ. ಗುಳಿ ಅಗಲವಾಗುತ್ತಾ ಅಂಚಿನ ಕಡೆಗೆ ಬರಲಿ. ಬಟ್ಟಲಿನಲ್ಲೂ ಅದೇ ನಿಯಮ, ಎರಡು ತುದಿಯಿಂದಲೂ ತಳಕ್ಕೆ ಇಳಿಯಬೇಕು, ತಳದಿಂದ ಏರಬಾರದು. ಎಳೆಯುವ ಚಾಕುವಿನ ಎದುರಿಗೆ ಹೆಬ್ಬೆರಳು ಇರುವುದರಿಂದ ಅದಕ್ಕೊಂದು ಕವಚ ಬೇಕು. ಹಳೆಯ ಸೈಕಲ್ ಟ್ಯೂಬಿನ ಎರಡು ಇಂಚಿನ ತುಂಡಿನೊಳಗೆ ದಪ್ಪ ಚರ್ಮ ಇಟ್ಟು ತೊಡಿಸಿಕೊಳ್ಳಿ.

ಊಟದ ಚಮಚಕ್ಕೆ ಆಳ 8-10 ಮಿಲಿಮೀಟರ್ ಸಾಕು. ಹೆಚ್ಚು ಆಳ ತೋಡಿದರೆ ತುಟಿ ತಳ ಮುಟ್ಟುವುದಿಲ್ಲ, ಅನ್ನ ಅಲ್ಲೇ ಉಳಿಯುತ್ತದೆ. ಸಾರಿನ ಸೌಟಿಗೆ ಆಳ ಎಷ್ಟಿದ್ದರೂ ನಡೆಯುತ್ತದೆ. ಗೋಡೆಯ ದಪ್ಪವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಸುತ್ತಲೂ ಜಾರಿಸಿ ನೋಡಿ. ಮೂರು ನಾಲ್ಕು ಮಿಲಿಮೀಟರ್ ಸಮವಾಗಿರಬೇಕು. ಬೆರಳಿನ ಲೆಕ್ಕ ಸ್ಕೇಲಿಗಿಂತ ಚೆನ್ನ.

ಬಾಗಿದ ಚಾಕು ಇಲ್ಲದವರು ಬಡಗಿಗಳ ಅರ್ಧಚಂದ್ರ ಬಾಯಿಯ ಉಳಿ ಹಿಡಿದು, ಮರವನ್ನು ಬಿಗಿಯಾಗಿ ಕ್ಲಾಂಪಿನಲ್ಲಿ ಕೂರಿಸಿ, ಕೊಡತಿಯಲ್ಲಿ ಮೆಲ್ಲಗೆ ಹೊಡೆದು ತೋಡಬಹುದು. ಮರವನ್ನು ಕೈಯಲ್ಲಿ ಹಿಡಿದು ಉಳಿ ನೂಕಬೇಡಿ. ಅದೂ ಇಲ್ಲವೇ? ಕೆಂಡ ಇದೆಯಲ್ಲ. ಒಂದು ಸಣ್ಣ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ಗುಳಿಯಾಗಬೇಕಾದ ಜಾಗದಲ್ಲಿಟ್ಟು, ಊದುಕೊಳವೆಯಲ್ಲಿ ನಿಧಾನ ಊದಿ. ಒಂದೆರಡು ನಿಮಿಷಕ್ಕೆ ಮರ ಕಪ್ಪಾಗುತ್ತದೆ. ಕೆಂಡ ತೆಗೆದು, ಸುಟ್ಟದ್ದನ್ನು ಕಪ್ಪೆಚಿಪ್ಪಿನಲ್ಲೋ ಸ್ಟೀಲ್ ಚಮಚದ ಅಂಚಿನಲ್ಲೋ ಹೆರೆದು ಮತ್ತೆ ಇಡಿ. ಅಂಚು ಸುಡದಂತೆ ಸುತ್ತಲೂ ಹಸಿ ಮಣ್ಣು ಮೆತ್ತಿ. ಹೊತ್ತು ಹಿಡಿಯುತ್ತದೆ, ಆದರೆ ಬೆರಳು ಕೊಯ್ದುಕೊಳ್ಳುವ ಭಯ ಇಲ್ಲ. ಬಯಲಲ್ಲೇ ಮಾಡಿ, ಹೊಗೆ ಜಾಸ್ತಿ.

ಒಣಗಿಸುವುದು

ಕೆತ್ತಿದ ಖುಷಿಗೆ ಬಿಸಿಲಿಗಿಟ್ಟರೆ ಸಂಜೆಗೆ ಸೀಳಿರುತ್ತದೆ. ಕೆತ್ತಿದ ಸುರುಳಿಗಳ ಜೊತೆಗೇ ಸೌಟನ್ನು ಹಳೆಯ ಪೇಪರಿನಲ್ಲಿ ಸುತ್ತಿ ನೆರಳಲ್ಲಿಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎರಡು ಮೂರು ಪದರ ಪೇಪರ್ ಬೇಕು, ಫ್ಯಾನಿನ ಗಾಳಿಯೂ ತಾಗಬಾರದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಸಮಸ್ಯೆ ತಿರುಗಾಮುರುಗಾ. ಅಲ್ಲಿ ಬಿರುಕಿಗಿಂತ ಬೂಷ್ಟಿನ ಕಾಟ. ಪೇಪರ್ ಒಂದೇ ಪದರ ಸಾಕು, ದಿನಾ ಬದಲಿಸಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ.

ಒಣಗಿತೋ ಇಲ್ಲವೋ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ದಿನಾ ತೂಗಿ ಬರೆದಿಡಿ. ಎರಡು ಮೂರು ದಿನ ತೂಕ ಇಳಿಯದೆ ನಿಂತರೆ ಒಣಗಿದೆ ಅಂತ ಅರ್ಥ. ಸೌಟಿಗೆ ಸಾಮಾನ್ಯವಾಗಿ ಒಂದು ವಾರ.

ಕೊನೆಯ ಕೈ

ಒಣಗಿದ ಮೇಲೆ ಚಾಕುವನ್ನು ಚೆನ್ನಾಗಿ ಹರಿತ ಮಾಡಿ, ಮೈಯೆಲ್ಲ ಇನ್ನೊಮ್ಮೆ ತೆಳುವಾಗಿ ಕೀಸಿ. ನಾನಾದರೆ ಇಲ್ಲಿಗೇ ನಿಲ್ಲಿಸುತ್ತೇನೆ. ಹರಿತ ಚಾಕು ಕೊಯ್ದ ಮೈ ಹೊಳೆಯುತ್ತದೆ, ತೊಳೆದರೂ ಜುಂಗು ಏಳುವುದಿಲ್ಲ. ಸ್ಯಾಂಡ್ ಪೇಪರ್ ಹಾಕಲೇಬೇಕು ಅನ್ನುವವರು ಮರ ಪೂರ್ತಿ ಒಣಗಿದ ಮೇಲೆ 120, 220, 320 ನಂಬರಿನ ಸಾಲಿನಲ್ಲಿ ಉಜ್ಜಿ. ಆಮೇಲೆ ನೀರಲ್ಲಿ ಅದ್ದಿ ಒಣಗಿಸಿ. ನಾರು ಎದ್ದು ಒರಟಾಗುತ್ತದೆ, ಮತ್ತೆ 320ರಲ್ಲಿ ಉಜ್ಜಿ. ಇದನ್ನು ಬಿಟ್ಟರೆ ಮೊದಲ ದಿನದ ಸಾರಿನಲ್ಲೇ ಸೌಟು ಒರಟಾಗುತ್ತದೆ. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಎಣ್ಣೆಗೆ ಅಗಸೆ ಎಣ್ಣೆ ಒಳ್ಳೆಯದು. ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿ. ಗಾಣದ ಹಸಿ ಎಣ್ಣೆಯೇ ಬೇಕು, ಪೇಂಟ್ ಅಂಗಡಿಯ ಡಬ್ಬದ್ದು ಬೇಡ. ಅದಕ್ಕೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ, ಎರಡು ಮೂರು ವಾರ ಗಾಳಿಗೆ ತೂಗುಹಾಕಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಒಣಗುವುದಿಲ್ಲ. ದಿನಾ ಬಳಸುವ ಅಡುಗೆ ಸೌಟಿಗೆ ಆಗಾಗ ಸವರಲು ಅವು ಸಾಕು, ಸುಮ್ಮನೆ ಇಟ್ಟರೆ ಕಮಟು ವಾಸನೆ ಬರುತ್ತದೆ. ಇನ್ನೊಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಲೋಟ

ನಾಲ್ಕಾರು ಸೌಟು ಕೆತ್ತಿದ ಮೇಲೆ ಲೋಟಕ್ಕೆ ಬನ್ನಿ. ಫಿನ್ಲೆಂಡಿನ ಉತ್ತರಕ್ಕೆ ಲ್ಯಾಪ್‌ಲ್ಯಾಂಡಿನಲ್ಲಿ ಬರ್ಚ್ ಮರದ ಮೈಮೇಲೆ ಉಬ್ಬಿದ ಗಂಟನ್ನು ಕೊಯ್ದು ಕುಕ್ಸಾ ಅನ್ನುವ ಹಿಡಿ ಇರುವ ಲೋಟ ಮಾಡುತ್ತಾರೆ. ಅಂಥ ಗಂಟಿನಲ್ಲಿ ನಾರು ಹೇಗೆಂದರೆ ಹಾಗೆ ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ನಮ್ಮ ಮಾವು, ಹಲಸಿನಲ್ಲೂ ಇಂಥ ಉಬ್ಬು ಕಾಣಸಿಗುತ್ತದೆ. ಬಿದ್ದ ಮರದಲ್ಲಿದ್ದರೆ ಮಾತ್ರ ತೆಗೆಯಿರಿ, ನಿಂತ ಮರಕ್ಕೆ ಗಾಯ ಮಾಡಬೇಡಿ.

ಉಬ್ಬು ಸಿಗದಿದ್ದರೆ 15 ಸೆಂಟಿಮೀಟರ್ ದಪ್ಪದ ಮಾವಿನ ತುಂಡನ್ನು ಸೀಳಿ, ತಿರುಳು ತೆಗೆದು, ಅರ್ಧ ಹೋಳಿನಲ್ಲೇ ಲೋಟವೂ ಹಿಡಿಯೂ ಬರುವಂತೆ ಗೀಚಿ. ಹಿಡಿ ನಾರಿನ ಗುಂಟ ಇರಲಿ. ಸೌಟಿಗಿಂತ ಇಲ್ಲಿ ಕ್ರಮ ಬೇರೆ, ಒಳಗಡೆ ಮೊದಲು, ಹೊರಗಡೆ ಆಮೇಲೆ. ಹೊರಮೈ ಚಪ್ಪಟೆಯಾಗಿರುವಾಗ ಕ್ಲಾಂಪಿಗೆ ಹಿಡಿತ ಸಿಗುತ್ತದೆ. ಉಳಿಯಲ್ಲಿ ದೊಡ್ಡದು ತೆಗೆದು, ಬಾಗಿದ ಚಾಕುವಿನಲ್ಲಿ ನುಣುಪು ಮಾಡಿ. ತಳ ಎಷ್ಟು ಉಳಿದಿದೆ ಅಂತ ಪೆನ್ಸಿಲ್ ಇಳಿಸಿ ಅಳೆಯುತ್ತಾ ಇರಿ. ಗೋಡೆ, ತಳ ಎರಡೂ 5-6 ಮಿಲಿಮೀಟರಿಗೆ ಬರಲಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ತೆಳು ಭಾಗ ಮೊದಲು ಒಣಗಿ, ದಪ್ಪ ಭಾಗ ಅದನ್ನು ಸೀಳುತ್ತದೆ. ಒಣಗಲು ಮೂರು ನಾಲ್ಕು ವಾರ ಕೊಡಿ. ಮೊದಲ ವಾರ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ದಿನಕ್ಕೊಮ್ಮೆ ಚೀಲವನ್ನು ಒಳಹೊರಗು ಮಾಡಿ. ದುಂಡು ಬಾಯಿ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಅದಕ್ಕೆ ಏನೂ ಮಾಡಲಾಗದು.

ಅಂಗಡಿಗಳಲ್ಲಿ ಹೊನ್ನೆ ಮರದ ಲೋಟವನ್ನು ಸಕ್ಕರೆ ಕಾಯಿಲೆಗೆ ಅಂತ ಮಾರುವುದನ್ನು ನೋಡಿರುತ್ತೀರಿ. ಅದರಲ್ಲಿ ರಾತ್ರಿ ನೀರಿಟ್ಟರೆ ಬಣ್ಣ ಬಿಡುವುದು ನಿಜ. ಅದನ್ನೇ ನಂಬಿ ಡಾಕ್ಟರ ಮಾತ್ರೆ ಮಾತ್ರ ಬಿಡಬೇಡಿ. ಕೈಯಲ್ಲಿ ತೋಡಲು ಹೊನ್ನೆ ಬಹಳ ಗಟ್ಟಿ, ಮೊದಲ ಲೋಟಕ್ಕೆ ನಾನಂತೂ ಹೇಳುವುದಿಲ್ಲ.

ಮರದ ಸಾಮಾನನ್ನು ಸಿಂಕಿನಲ್ಲಿ ನೆನೆಹಾಕಬೇಡಿ, ಡಿಶ್‌ವಾಷರಿಗೆ ಹಾಕಬೇಡಿ. ಬಳಸಿದ ತಕ್ಷಣ ತೊಳೆದು, ಒರೆಸಿ, ನೆಟ್ಟಗೆ ನಿಲ್ಲಿಸಿ. ಲೋಟಕ್ಕೆ ಕುದಿಯುವ ಕಾಫಿ ಸುರಿಯುವ ಬದಲು ಸ್ವಲ್ಪ ಆರಿಸಿ ಸುರಿಯಿರಿ. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಂದರೆ ಆ ಲೋಟದಲ್ಲಿ ಇನ್ನು ನೀರು ಬೇಡ, ಕಲ್ಲುಪ್ಪೋ ಒಗ್ಗರಣೆಯ ಒಣಮೆಣಸಿನಕಾಯಿಯೋ ಹಾಕಿಡಿ.